ಎಡಗೈಯ ದಿನ

ಕೋಡಿಬಾಗದ ಮರಳಿನಲ್ಲಿ ಬೆಳಗಿನ ಐದಕ್ಕೆ
ಮೊದಲು ಚಪ್ಪಲಿ ಬಿಡಬೇಕು,
ಆಮೇಲೆ ಮಾತು.
ಇನಾಸ್ ಮಾಸ್ತರರ ಕಟ್ಟಳೆ ಇಷ್ಟೇ.
ಕೊರಳಲ್ಲಿ ಶಿಲುಬೆಯ ಪಕ್ಕ ಒಂದು ಸೀಟಿ ಇತ್ತು;
ಊದಿದ್ದನ್ನು ಕೇಳಿದವರಿಲ್ಲ.

ನಾನು ಓಡುವವಳು. ಅಷ್ಟೇ ಗೊತ್ತಿತ್ತು.
ಅಪ್ಪ ಬುತ್ತಿ ಮರೆತ ದಿನ
ಬೈತಖೋಲದಲ್ಲಿ ದೋಣಿ ಬಿಡುವ ಮುಂಚೆ
ಮುಟ್ಟಿಸಿ ಬರುತ್ತಿದ್ದ ಕಾಲು.
"ತುಪ್ಪವೆಲ್ಲ ಕಾಲಿಗೇ ಬಡಿಸಿದ್ದೀ ಬಾಯ್," ಅಂದರು,
"ಭುಜ ಉಪವಾಸ ಬಿದ್ದಿದೆ ನೋಡು.
ಒಂದೇ ಮನೆಯ ಮಕ್ಕಳಲ್ಲವೇ?"

ಹಾಗೆ ಹಿಡಿದೆ ಏಳು ಸ್ಪರ್ಧೆಯ ವ್ರತ.
ಹರ್ಡಲ್ಸಿಗೆ ಮುರಿದ ದೋಣಿಯ ಹಲಗೆ,
ಜಾವೆಲಿನ್ ಎಂದರೆ ಸೈಕಲ್ ಟ್ಯೂಬು ಸುತ್ತಿದ ಬಿದಿರು.
ಎತ್ತರ ಜಿಗಿತಕ್ಕೆ ಹರಕು ಬಲೆ ತುಂಬಿದ ಗೋಣಿಚೀಲ,
ಬೆನ್ನಿಗೆ ದಿನವಿಡೀ ಬಂಗಡೆಯ ವಾಸನೆ.
ಗುಂಡು ಮಾತ್ರ ಅಸಲಿ. ನಾಲ್ಕು ಕಿಲೋ.
ಕಂಡರೆ ಆಗುತ್ತಿರಲಿಲ್ಲ ನನಗೆ.
ಕತ್ತಿನ ಕುಳಿಯಲ್ಲಿ ತಣ್ಣಗೆ ಕೂತು
ನೀನು ಏನೂ ಅಲ್ಲ ಅನ್ನುತ್ತಿತ್ತು.

"ಆಗದ್ದರ ಹತ್ತಿರ ಹೆಚ್ಚು ಹೊತ್ತು ಕೂರು.
ಆಗುವುದು ಹಿಂದಿನಿಂದ ತಾನೇ ಬರುತ್ತದೆ,
ನಾಯಿಮರಿಯ ಹಾಗೆ."

ಏಂಡಿ ಬಲೆ ಎಳೆಯುವವರ ಸಾಲಿನ ಕೊನೆಗೆ
ನನ್ನನ್ನು ನಿಲ್ಲಿಸಿದರು.
ಹಗ್ಗ ಹಿಡಿದು ಹಿಂದು ಹಿಂದಕ್ಕೆ ಹೆಜ್ಜೆ.
ಸಮುದ್ರ ಎಳೆದಾಗ ತಡೆ, ಬಿಟ್ಟಾಗ ಎಳೆ.
ತಳ್ಳುವ ಬಲ ಹಿಮ್ಮಡಿಯಿಂದ ಹೊರಡುತ್ತದೆಂದು
ಯಾರೂ ಹೇಳಲಿಲ್ಲ; ಹಗ್ಗ ಹೇಳಿತು.

ಹಲ್ಲುಜ್ಜುವುದು ಎಡಗೈಯಲ್ಲಿ.
ಲೇಸು ಕಟ್ಟುವುದು ಒಂಟಿಕಾಲಲ್ಲಿ ನಿಂತು.
ಕಣ್ಣು ಮುಚ್ಚು; ಅಲೆ ಪಾದದಡಿಯ ಮರಳು ಕದಿಯುವಾಗ
ಯಾವ ಬೆರಳು ಮೊದಲು ಹೆದರಿತು, ಹೇಳು.
"ಓಟ ಕಲಿಸ್ತಾನೋ ಸನ್ಯಾಸ ಕೊಡ್ತಾನೋ ಇವ?"
ಮೀನಿನ ಬುಟ್ಟಿ ಹೊತ್ತ ಅಜ್ಜಿ
ತಾನು ಮಾತ್ರ ಕತ್ತು ಅಲುಗಿಸದೆ ನಡೆಯುತ್ತಿದ್ದಳು.
ಮಾಸ್ತರರು ಅವಳ ಬೆನ್ನನ್ನು ತೋರಿಸಿದರು: ಅದು.

ಶಿರಸಿಯ ಮೈದಾನದಲ್ಲಿ ಎರಡು ದಿನ, ಏಳು ಸಲ.
ನಾಲ್ಕನೆಯವಳಾದೆ.
ಪದಕ ಮೂರಕ್ಕೇ ಮುಗಿಯುತ್ತದೆ.
ಎಂಟುನೂರು ಮೀಟರು ಮುಗಿಸಿದವರೆಲ್ಲ
ಗೆರೆಯಾಚೆ ಅಂಗಾತ ಬಿದ್ದೆವು. ಯಾರದೋ ಕೈ
ನನ್ನ ಕೈಯೊಳಗೆ, ಗೆದ್ದವಳದೋ ಸೋತವಳದೋ,
ತಿರುಗಿ ನೋಡಲು ಉಸಿರಿರಲಿಲ್ಲ.
ದೇವಿಮನೆ ಘಟ್ಟ ಇಳಿಯುವಾಗ ಬಸ್ಸಿನಲ್ಲಿ
ಶೇಂಗಾ ಸುಲಿದು ಕೊಡುತ್ತ ಕೇಳಿದ್ದು ಒಂದೇ:
"ಗುಂಡು ಈಗ ಏನನ್ನುತ್ತದೆ?"
"ಏನೂ ಅನ್ನುವುದಿಲ್ಲ ಸರ್."
ಒಳ್ಳೆಯ ಸಾರಿನ ರುಚಿ ನೋಡಿದವರಂತೆ
ಕಣ್ಣು ಮುಚ್ಚಿ ತಲೆಯಾಡಿಸಿದರು.

ಇಪ್ಪತ್ತೆರಡು ವರ್ಷವಾಯಿತು.
ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತೇನೆ.
ಐದು ಗಂಟೆ ಬಿಟ್ಟಿಲ್ಲ.
"ಯಾವ ಕೂಟಕ್ಕೆ, ಸುಗಂಧಾ?" ಎಂದು ಕೇಳುತ್ತಾರೆ;
ಸಂಜೆ ದೀಪ ಹಚ್ಚುವವಳನ್ನು
ಯಾರೂ ಹಾಗೆ ಕೇಳುವುದಿಲ್ಲ.

ಹೋದ ನೂಲಹುಣ್ಣಿಮೆಯ ಮರುದಿನ
ಮಾಸ್ತರರ ಎಡಭಾಗ ಬಿದ್ದುಹೋಯಿತು.
ಅರ್ಧ ಬಾಯಿ ನಗುತ್ತದೆ, ಇನ್ನರ್ಧ
ಏನೋ ನೆನಪು ಮಾಡಿಕೊಳ್ಳುತ್ತಿರುತ್ತದೆ.
ಗಾಲಿಕುರ್ಚಿ ಮರಳಲ್ಲಿ ಹೂತುಕೊಳ್ಳುತ್ತದೆಂದು
ಹಳೆಯ ಹರ್ಡಲ್ಸಿನ ಹಲಗೆ ಹಾಸುತ್ತೇನೆ,
ಒಂದಾದ ಮೇಲೊಂದು, ಹಿಂದಿನದನ್ನು ಎತ್ತಿ ಮುಂದಕ್ಕೆ,
ನೀರಿನ ಅಂಚಿನವರೆಗೆ.

ಎಡ ಅಂಗೈಯಲ್ಲೊಂದು ಚಿಪ್ಪು ಇಡುತ್ತೇನೆ.
ಬೀಳುತ್ತದೆ.
ಇಡುತ್ತೇನೆ.
"ಆಗದ್ದರ ಹತ್ತಿರ..." ಎಂದು ಶುರುಮಾಡಿದರೆ
ಕೊಂಕಣಿಯಲ್ಲಿ ಬೈಯುತ್ತಾರೆ,
ಅರ್ಧ ಅಕ್ಷರ ನುಂಗಿ.
ಇವತ್ತು ಕಿರುಬೆರಳು ಅಲುಗಿತು.
ಅಥವಾ ಗಾಳಿ.

ದೇವಗಡದ ದೀಪಸ್ತಂಭ ಆರುವ ಹೊತ್ತಿಗೆ
ಬಲಗೈ ಕೊರಳು ತಡಕಿ
ಸೀಟಿಯನ್ನು ಬಾಯಿಗಿಟ್ಟಿತು.
ಊದಿದರು.
ಒಂದಿಷ್ಟು ಮರಳು ಉದುರಿತು, ಅಷ್ಟೇ.
ಇಬ್ಬರೂ ಅದನ್ನು ನೋಡಿದೆವು.

"ನಾಳೆ ಗುಂಡು," ಅಂದರು.