ಎರಕ

ಭದ್ರಾವತಿಯ ಹಳೇ ಸೇತುವೆ ದಾಟಿ ಎಡಕ್ಕೆ
ಮಾಮುವಿನ ಸ್ಟುಡಿಯೊ. ಅವನು ತರೀಕೆರೆಗೆ ಮದುವೆ ಶೂಟಿಂಗಿಗೆ ಹೋಗಿದ್ದ,
ಕೌಂಟರಿಗೆ ನಾನು.

ಆರೋಗ್ಯಸ್ವಾಮಿ ಹತ್ತು ಡಿವಿಡಿ ಕೇಳಿದ್ದರು.
ನಿವೃತ್ತಿಯ ದಿನದ್ದು, ಪ್ಯಾಟರ್ನ್ ಶಾಪಿನ ಗೆಳೆಯರಿಗೆ.
ಡೆಸ್ಕ್‌ಟಾಪಿನಲ್ಲಿ ಐಎಸ್‌ಒ ಒಂದು, ಮೂರು ಜಿಬಿ ಚಿಲ್ಲರೆ.
ಎಳೆದೆ, ಹಾಕಿದೆ, ಬರ್ನ್ ಒತ್ತಿದೆ.
ಹತ್ತು ಸಲ ಡ್ರೈವು ನಾಲಿಗೆ ಚಾಚಿತು;
ಡಿಸ್ಕು ಬೆಚ್ಚಗಿತ್ತು, ಈಗಷ್ಟೆ ಕಾವಲಿಯಿಂದ ಎತ್ತಿದ ಹಾಗೆ.

ಮರುದಿನ ಹತ್ತನ್ನೂ ತಂದು ಗಾಜಿನ ಮೇಲಿಟ್ಟರು.
"ಟಿವಿ ಏನೂ ಇಲ್ಲ ಅನ್ನುತ್ತೆ.
ಅಳಿಯನ ಕಂಪ್ಯೂಟರು, ಒಂದೇ ಒಂದು ಫೈಲಿದೆ ಅನ್ನುತ್ತೆ.
ಯಾವುದನ್ನ ನಂಬಲಿ ಫರ್ಹಾನಾ?"

ಫೋನಿನಲ್ಲಿ ಮಾಮು, ಹಿಂದೆ ಬ್ಯಾಂಡ್‌ಸೆಟ್ಟಿನ ಗದ್ದಲ:
ಅದು ಫೈಲಲ್ಲ ಮಾರಾಯ್ತಿ, ಇಡೀ ಡಿಸ್ಕಿನ ಪಡಿಯಚ್ಚು!
ಮೆನು, ಪಟ್ಟಿ, ಯಾವುದು ಯಾವ ಸುತ್ತಿನಲ್ಲಿ ಕೂರಬೇಕು,
ಖಾಲಿ ಜಾಗ ಸಮೇತ ಒಳಗಿದೆ.
ತುಂಬಬೇಡ. ಇಮೇಜ್ ಬರೆ ಅಂತ ಇನ್ನೊಂದಿದೆ, ಅದನ್ನೊತ್ತು.

ಆರೋಗ್ಯಸ್ವಾಮಿ ನಕ್ಕೇ ನಕ್ಕರು.
"ಮೂವತ್ತಾರು ವರ್ಷ ತೇಗದಲ್ಲಿ ಚಕ್ರ ಕೆತ್ತಿದವನು ನಾನು.
ಚಕ್ರ ಕೇಳಿದರೆ
ಮರದ ಮಾದರೀನೇ ಕಟ್ಟಿಕೊಟ್ಟೆಯಲ್ಲಮ್ಮ!
ಮರಳಿಗೆ ಒತ್ತಬೇಕು, ಆಮೇಲೆ ಎರಕ."

ಮತ್ತೆ ಶುರು. ಸಿಪಿಯು ಮೇಲೆ ಅಂಗೈಯಿಟ್ಟು ನಿಂತರು.
"ಕಬ್ಬಿಣ ಆರಿದರೆ ಕುಗ್ಗುತ್ತೆ,
ಅಡಿಗೆ ಅಂಗುಲದ ಎಂಟನೇ ಒಂದು ಪಾಲು ಹೆಚ್ಚಿಟ್ಟು ಕೆತ್ತಬೇಕು.
ನಿಂದು?"
ಕುಗ್ಗಲ್ಲ ಸಾರ್. ಸೊನ್ನೆಗೆ ಸೊನ್ನೆ, ಒಂದಕ್ಕೆ ಒಂದು.
ಒಪ್ಪಲಿಲ್ಲ ಅವರು. ತಾಳೆ ನೋಡುವ ಗೆರೆ ಕೊನೆ ಮುಟ್ಟುವ ತನಕ
ಕಿವಿ ಕೊಟ್ಟು ನಿಂತೇ ಇದ್ದರು,
ಎರಕವನ್ನು ಸುತ್ತಿಗೆಯಿಂದ ತಟ್ಟಿ ನಾದ ಕೇಳುವವರಂತೆ.

ಕೆಟ್ಟ ಹತ್ತನ್ನೂ ಕೇಳಿ ಒಯ್ದರು.
ಅವರ ಹಿತ್ತಲ ಸೀಬೆಮರದಲ್ಲಿ ಕಂಡೆ ಆಮೇಲೆ,
ಗಿಳಿ ಓಡಿಸುತ್ತ ಮಿನುಗುತ್ತಿದ್ದವು.
ಒಂಬತ್ತೇ. ಎಣಿಸಿದ್ದೆ ಯಾಕೋ.

ಏಳು ವರ್ಷಕ್ಕೆ ನಮ್ಮ ಹಾರ್ಡ್‌ಡಿಸ್ಕ್ ಕಟಕಟ ಎಂದು ಸತ್ತಿತು.
ಎಷ್ಟೋ ಮದುವೆ, ಎರಡು ನಾಮಕರಣ, ಈ ವಿದಾಯ.
ಅದೇ ವಾರ ಬಂದರು: ಗೆಳೆಯರ ಡಿಸ್ಕೆಲ್ಲ ಗೀರು ಬಿದ್ದಿವೆ,
ಇನ್ನೊಂದು ಸುಟ್ಟುಕೊಡು.
ಅಚ್ಚೇ ಹೋಯ್ತು ಸಾರ್, ಅಂದೆ.

ಚೀಲದಿಂದ ಹಳೇ ವೇಷ್ಟಿಯ ತುಂಡು ಬಿಚ್ಚಿದರು.
ಹತ್ತನೆಯದು. ಅಂಚಿಗೆ ಕಪ್ಪು ಪೇಂಟಿನಲ್ಲಿ ನಂಬರು.
"ಮಾದರೀನ ಯಾರಾದರೂ ಮರಕ್ಕೆ ಕಟ್ತಾರಾ?"

ಆ ಒಂದೇ ಒಂದು ಫೈಲು, ಹಾಗೇ ಇತ್ತು.
ಕೊಡುವ ಮೊದಲು ನೋಟ್‌ಬುಕ್ಕಿನಲ್ಲಿ ನನ್ನ ಸಹಿ ಹಾಕಿಸಿಕೊಂಡರು:
ಪಡೆದವರು, ದಿನಾಂಕ,
ಕೆಲಸ ಮುಗಿದ ಕೂಡಲೆ ಹಿಂತಿರುಗಿಸತಕ್ಕದ್ದು.