ಪಾಟಿಸವಾಲು

ನಲವತ್ತೊಂದು ವರ್ಷ ಈ ಕಟಕಟೆಯ
ಹೊರಗೇ ನಿಂತಿದ್ದೆ.
ಒಳಗೆ ಇಷ್ಟು ಇಕ್ಕಟ್ಟೆಂದು ಗೊತ್ತಿರಲಿಲ್ಲ;
ಹಿಡಿಯುವ ಮರದ ಪಟ್ಟಿ
ಜನರ ಬೆವರಿಗೆ ನುಣುಪಾಗಿದೆ.

ಅರಸೀಕೆರೆ ಕೋರ್ಟು. ಮಧ್ಯಾಹ್ನ ಮೂರು.
ಕೊಬ್ಬರಿ ಮಂಡಿ ಮಲ್ಲಪ್ಪಶೆಟ್ಟರ ಉಯಿಲಿಗೆ
ರುಜು ಹಾಕಿದ ತಪ್ಪಿಗೆ
ನಾನೀಗ ಎರಡನೇ ಸಾಕ್ಷಿ.
ಎದುರಿಗೆ ಯೋಗಾನಂದ,
ನನ್ನ ಕಡತ ಹೊತ್ತು ರಾತ್ರಿ ರೈಲಿನಲ್ಲಿ
ಹೈಕೋರ್ಟಿಗೆ ಜೊತೆ ಬರುತ್ತಿದ್ದ ಹುಡುಗ.
ತಿಪಟೂರು ದಾಟುವ ತನಕ
ಹೇಳಿಕೊಡುತ್ತಿದ್ದೆ: ಕೇಳಿದ ಮೇಲೆ
ಕನ್ನಡಕ ಒರೆಸು. ಅವಸರ ಬೇಡ.
ಸುಮ್ಮನಿರುವುದಕ್ಕೂ ಫೀಸಿದೆ ಕಣೋ.

ಒರೆಸುತ್ತಿದ್ದಾನೆ.

"ಶೆಟ್ಟರು ರುಜು ಮಾಡಿದ್ದು ಯಾವ ಕೈಯಲ್ಲಿ, ಸರ್?"
"ನೆನಪಿಲ್ಲ."
"ನೆನಪಿಲ್ಲವೋ, ನೋಡೇ ಇಲ್ಲವೋ?"

ನನ್ನದೇ ವಾಕ್ಯ. ಅಲ್ಪವಿರಾಮವೂ ನನ್ನದೇ.
ಹಾರನಹಳ್ಳಿಯ ಸಿದ್ದಗಂಗಮ್ಮನ ಮೇಲೆ
ಮೊದಲ ಸಲ ಎಸೆದದ್ದು, ಎಂಬತ್ತೇಳರಲ್ಲಿ,
ಒಂಬತ್ತು ಗುಂಟೆಯ ದಾವೆ.
ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಸುತ್ತುತ್ತ
"ನೋಡಿಲ್ಲ ಅಂತ್ಲೇ ಬರ್ಕಳಿ ಸ್ವಾಮಿ" ಅಂದಳು.
ಇಲ್ಲೂ ಗೆದ್ದೆ, ಹಾಸನದ ಅಪೀಲಿನಲ್ಲೂ,
ಬೆಂಗಳೂರಲ್ಲೂ. ತೀರ್ಪಿನ
ಹದಿನಾಲ್ಕನೇ ಪ್ಯಾರಾದಲ್ಲಿ
ಆ ಮಾತು ಇವತ್ತಿಗೂ ಇದೆ.
ಅವಳು ನೋಡಿದ್ದಳು.
ನನಗದು ಅವತ್ತೇ ಗೊತ್ತಿತ್ತು.

ಹೊರಗೆ ಗೂಡ್ಸು ಗಾಡಿ. ಅದು ಮುಗಿಯುವ ತನಕ
ಇಲ್ಲಿ ಯಾರ ಮಾತೂ ಯಾರಿಗೂ ಕೇಳದು.
ಟೈಪಿಸ್ಟ್ ಹುಡುಗಿ ಬೆರಳೆತ್ತಿ ಕಾದಳು.
ಯೋಗಾನಂದ ಕನ್ನಡಕ ಹಾಕಿಕೊಂಡು
ನೆಲ ನೋಡಿದ.
ಅಷ್ಟು ಹೊತ್ತೂ ನಾನು
ಅಂಗಿಯ ತೋಳಿನ ಗುಂಡಿ
ತಿರುವುತ್ತಿದ್ದೆನಂತೆ, ಆಮೇಲೆ ಯಾರೋ ಹೇಳಿದರು.

"ಕುರ್ಚಿ ಹಾಕಿಸಲೇ?" ಎಂದರು ಜಡ್ಜು.

ಸಿದ್ದಗಂಗಮ್ಮ ನಿಂತೇ ಇದ್ದಳು,
ಊಟದ ಹೊತ್ತು ಮೀರುವ ತನಕ.

ಬೇಡ, ಅಂದೆ.