ಮಾಲೀಕ ೧೦೦೨

ಶನಿವಾರ ರಾತ್ರಿ ಎಸ್.ಪಿ. ರೋಡಿನ ಜಬೀವುಲ್ಲಾ
ಹಳೇ ಡಿಸ್ಕನ್ನು ಹೊಸ ಮೆಷೀನಿಗೆ ಸಿಕ್ಕಿಸಿ
"ಎಲ್ಲಾ ಹಂಗೇ ಐತಕ್ಕ, ಒಂದು ಅಕ್ಷರ ಅಲುಗಿಲ್ಲ" ಅಂದು
ಟೀ ಕೂಡ ಕುಡಿಯದೆ ಹೋದ.

ಹಂಗೇ ಇತ್ತು, ಕಾಣೋದಕ್ಕೆ.
ಹನ್ನೊಂದು ವರ್ಷದ ಲಗ್ನಪತ್ರಿಕೆ, ನಾಮಕರಣ, ವೈಕುಂಠ ಸಮಾರಾಧನೆ
ಒಂದೇ ಫೋಲ್ಡರಿನಲ್ಲಿ, ಒಂದರ ಹೆಗಲಿಗೊಂದು ಆತು,
ಸುಲ್ತಾನ್‌ಪೇಟೆಯ ಮನೆಗಳ ಹಾಗೆ.
ಒತ್ತಿದೆ.
ಅನುಮತಿ ಇಲ್ಲ, ಅಂದಿತು.

ಬಾಡಿಗೆ ಕಟ್ಟುವವಳು ನಾನು. ಬೆಳಿಗ್ಗೆ ಶಟರ್ ಎತ್ತುವವಳು ನಾನು.
ಎದುರಿಗೆ ಕಾಮಾಕ್ಷಿಪಾಳ್ಯದ ಲೇತಿನ ಮುನಿಹನುಮಯ್ಯ,
ದೊಡ್ಡ ಮಗಳ ಕಾರ್ಡು ಎಣ್ಣೆಬೆರಳಲ್ಲಿ ಹಿಡಿದು:
"ಇದೇ ಬಾರ್ಡರ್ರು ಬೇಕಂತೆ ಚಿಕ್ಕವಳಿಗೂ. ಊಟ ಬಿಟ್ಟವಳೆ."
ಬಾರ್ಡರು ಒಳಗೆ. ನಾನು ಹೊರಗೆ.

ಫೋನಿನಲ್ಲಿ ಜಬೀ: "ಕಪ್ಪು ಕಿಟಕಿ ತೆಗೀರಿ. ಸುಡೊ ಅಂತ ಹೊಡೀರಿ."
ಸುಡೋದಾ?
"ಅಯ್ಯೋ, ಸುಡೋದಲ್ಲ. ಯಜಮಾನ್ತಿ ಹೇಳ್ತಾವ್ರೆ,
ಬಾಯ್ಮುಚ್ಕೊಂಡು ಕೇಳು ಅಂತ ಅರ್ಥ."
ಪಾಸ್‌ವರ್ಡ್ ಹೊಡೆದೆ. ಒಂದು ಚುಕ್ಕಿಯೂ ಮೂಡಲಿಲ್ಲ,
ಕತ್ತಲಲ್ಲಿ ಬೀಗದ ತೂತು ತಡಕಿದ ಹಾಗೆ.

ಪಟ್ಟಿ ಸುರಿಯಿತು.
ಸಾಲಿಗೊಂದು ಫೈಲು; ಎಡಕ್ಕೆ ಓದು, ಬರೆ, ಒಳಗೆ ಹೋಗು,
ಇಲ್ಲವೆಂದರೆ ಅಡ್ಡಗೀಟು.
ಆಮೇಲೆ, ಮಾಲೀಕರ ಹೆಸರು ಇರಬೇಕಾದಲ್ಲಿ,
೧೦೦೨. ೧೦೦೨. ೧೦೦೨.
"ಡಿಸ್ಕಿಗೆ ನಂಬರ್ ಅಷ್ಟೇ ಗೊತ್ತಕ್ಕ. ಹೆಸರು ಮೆಷೀನ್ ಇಟ್ಕೊಂಡಿರುತ್ತೆ.
ಹೊಸದಕ್ಕೆ ಆ ಮನುಷ್ಯ ಯಾರಂತ ಯಾರೂ ಹೇಳಿಲ್ಲ."

ಯಾರಂತ ನನಗೆ ಗೊತ್ತು.
ಸೀಸದ ಮೊಳೆ ಜೋಡಿಸಿ ಉಗುರು ಕಪ್ಪಾದ ಅಂತೋಣಪ್ಪನವರು,
ಐವತ್ತೆರಡಕ್ಕೆ ಕೀಬೋರ್ಡು ಕಲಿತು ನನಗೆ ಕಲಿಸಿದವರು.
ಎರಡು ದೀಪಾವಳಿಯ ಹಿಂದೆ
ವಧುವಿನ ಅಪ್ಪ ಕಲ್ಲಯ್ಯ, ಆರುನೂರು ಕಾರ್ಡಿನಲ್ಲಿ ಕಳ್ಳಯ್ಯ ಆಗಿ
ಬೀಗರ ಮುಂದೆ ನಿಂತಾಗ
ಕಾಗದದ ದುಡ್ಡು ಅವರ ಸಂಬಳದಲ್ಲಿ ಹಿಡಿದೆ.
"ನನ್ನ ಬೆರಳಲ್ಲಮ್ಮ ಅದು" ಅಂದರು, ಒಂದೇ ಸಲ.
ಈಗ ಕಾಟನ್‌ಪೇಟೆಯ ಫ್ಲೆಕ್ಸ್ ಅಂಗಡಿಯಲ್ಲಿದ್ದಾರೆ.
ನಾಲ್ಕು ಗಂಟೆಯ ಟೀಗೆ ಇಬ್ಬರೂ ಅದೇ ಗಾಡಿಗೆ ಹೋಗುತ್ತೇವೆ,
ಬೇರೆ ಬೇರೆ ಕಡೆ ನೋಡುತ್ತಾ.

"ಒಂದೇ ಸಾಲು ಹೇಳ್ತೀನಿ, ಎಲ್ಲಾ ನಿಮ್ಮ ಹೆಸರಿಗಾಗುತ್ತೆ.
ಚುಕ್ಕಿ ಮಾತ್ರ ಬಿಡಬೇಡಿ, ಬಿಟ್ಟರೆ ಇಡೀ ಮೆಷೀನು ಹೋಯ್ತು."
ಬರೆದೆ. ಎಂಟರ್ ಮೇಲೆ ಬೆರಳಿಟ್ಟು
ಚುಕ್ಕಿ ಇದೆಯಾ ಅಂತ ಕಣ್ಣಾಡಿಸುವಾಗ
ನೂರಾರು ೧೦೦೨ಗಳ ನಡುವೆ ಒಂದೇ ಒಂದು ಸಾಲಿನಲ್ಲಿ
ವನಮಾಲ ಅಂತಿತ್ತು.

ಕಲ್ಲಯ್ಯನ ಕಾರ್ಡು, ಎರಡನೇ ಪ್ರತಿ. ಅಕ್ಟೋಬರ್ ಹದಿನೈದು.
ಆವತ್ತು ಭಾನುವಾರ. ಅಂತೋಣಪ್ಪನವರು ಚರ್ಚಿಗೆ ಹೋಗುವ ದಿನ.
ಮುಹೂರ್ತ ಹತ್ತು ನಿಮಿಷ ಮುಂದಕ್ಕೆ ಹೋಯಿತೆಂದು
ನಾನೊಬ್ಬಳೇ ಕೂತು ತಿದ್ದಿದ್ದು.
ಶಿಫ್ಟಿನ ಮೇಲೆ ಕಿರುಬೆರಳು
ಒಂದು ಕ್ಷಣ ಹೆಚ್ಚು ಕೂತರೆ ಸಾಕು,
ಲ್ಲ ಹೋಗಿ ಳ್ಳ.

ಬರೆದ ಸಾಲು ಅಳಿಸಿದೆ, ಒಂದೊಂದೇ ಅಕ್ಷರ ಹಿಂದಕ್ಕೆ.
ಜಬೀ, ಹೆಸರು ವಾಪಸ್ ಹಾಕೋಕೆ ಬರುತ್ತಾ?
"ಬರುತ್ತಕ್ಕ. ಅದೇ ನಂಬರಿಗೆ ಒಬ್ಬ ಯೂಸರ್ ಮಾಡಿ,
ಆ ಗುಂಪಿಗೆ ನಿಮ್ಮನ್ನ ಸೇರಿಸಿ. ಸುತ್ತುದಾರಿ ಅಷ್ಟೇ."
ಸುತ್ತಿದೆ. ಪಟ್ಟಿ ಮತ್ತೆ ಕರೆದೆ.
ಫೈಲು ಒಂದನ್ನೂ ಮುಟ್ಟಿರಲಿಲ್ಲ, ಆದರೂ
ಪರದೆ ತುಂಬ, ಮೇಲಿಂದ ಕೆಳಗೆ,
ಅಂತೋಣಪ್ಪ, ಅಂತೋಣಪ್ಪ, ಅಂತೋಣಪ್ಪ.

ಬಾರ್ಡರು ಸಿಕ್ಕಿತು: ಎರಡು ನವಿಲು, ಬಾಳೆಗೊನೆ.
ಮುನಿಹನುಮಯ್ಯ ಐನೂರು ಅಡ್ವಾನ್ಸ್ ಎಣಿಸಿಟ್ಟು ಹೋದರು.
ಕಪ್ಪು ಕಿಟಕಿ ಮಾತ್ರ ಇನ್ನೂ ಕೇಳುತ್ತಲೇ ಇದೆ,
ಈ ಯೂಸರಿನ ಹೊಸ ಪಾಸ್‌ವರ್ಡು ಯಾವುದೆಂದು.
ಅದನ್ನು ನಾನು ಹೊಡೆಯುವ ಹಾಗಿಲ್ಲ.

ಮೂರೂ ಐವತ್ತು. ಶಟರ್ ಅರ್ಧ ಇಳಿಸಿ
ನಡೆಯುತ್ತಾ ಬಾಯೊಳಗೇ ಅಂದು ನೋಡುತ್ತೇನೆ: ಕಲ್ಲಯ್ಯ.
ನಾಲಗೆ ಮಡಚಬಾರದು.
ಹಲ್ಲಿಗೆ ತಾಗಬೇಕು,
ಬಿಡಬೇಕು.